ಕಂಬದಡಿಯ ಕೂಸು

ಹೋದ ವಾರ ಸಿಂಗಾನಲ್ಲೂರಿನ ಬಸ್ ನಿಲ್ದಾಣದ ಹೊರಗೆ ಒಬ್ಬಾಕೆ ಬಾಣಲೆಯ ಬಿಸಿ ಮರಳಿನಲ್ಲಿ ಪೊರಿ ಹುರಿಯುತ್ತಿದ್ದಳು. ಮಂಡಕ್ಕಿಗೆ ನಮ್ಮ ಕಡೆ ಪೊರಿ ಎನ್ನುತ್ತೇವೆ. ಸುಟ್ಟ ಮರಳಿನ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಹತ್ತಬೇಕಾದ ಬಸ್ಸು ಕಣ್ಣೆದುರೇ ಹೊರಟುಹೋದರೂ ಕಾಲು ಕದಲಲಿಲ್ಲ. ನಲವತ್ತು ವರ್ಷ ಹಿಂದಿನ ಒಂದು ಗಾಳಿಗಾಲ ಎದುರಿಗೆ ಬಂದು ನಿಂತಿತ್ತು.

ಬೆಟ್ಟದ ಮೇಲಿನ ನೀರಿನಿಂದ ವಿದ್ಯುತ್ತು ಮಾಡಿ ಕೊಯಮತ್ತೂರಿನ ಗಿರಣಿಗಳಿಗೆ ತರುತ್ತಿದ್ದ ಕಾಲ ಅದು. ಕಾರಮಡೈ ಕಡೆಯ ಹೊಲಗಳ ಮೇಲೆ ಕಬ್ಬಿಣದ ಕಂಬಗಳು ಒಂದೊಂದಾಗಿ ಎದ್ದು ನಿಲ್ಲುತ್ತಿದ್ದವು. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ತಮೂರೋ. ನಮ್ಮದು ನೇಯ್ಗೆಯವರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಬಹಳ ತಡವಾಗಿ, ನೂಲಿನ ವ್ಯಾಪಾರಕ್ಕೆಂದು ಮೈಸೂರಿನ ಕಡೆ ಓಡಾಡತೊಡಗಿದ ಮೇಲೆ. ಮಗ್ಗದ ಕೆಲಸ ನನಗೆ ಒಗ್ಗಲಿಲ್ಲ. ಊರಲ್ಲಿ ಒಂದು ಸಣ್ಣ ತಮಿಳು ವಾರಪತ್ರಿಕೆಯಿತ್ತು. ಅದರ ಸಂಪಾದಕರು ಹಿಂದಿನ ವರ್ಷ ಯಾವುದೋ ಗಿರಣಿಯಲ್ಲಿ ಬಾಯ್ಲರು ಸಿಡಿದು ಜನ ಸತ್ತರೆಂದು ಕೇಳಿದ ಮಾತನ್ನೇ ಅಚ್ಚು ಹಾಕಿದ್ದರು. ಯಾವ ಬಾಯ್ಲರೂ ಸಿಡಿದಿರಲಿಲ್ಲ. ಸರ್ಕಾರದವರು ಬಂದು ಅಚ್ಚಿನ ಯಂತ್ರಕ್ಕೆ ಮುದ್ರೆ ಒತ್ತಿ, ಬಾಗಿಲು ಹಾಕಿಸಿ ಹೋದರು. ಬಾಗಿಲು ಮತ್ತೆ ತೆಗೆದ ದಿನ ಅವರು ನನ್ನನ್ನು ಕರೆಸಿದರು.

"ನಂಗೆ ಬರೆಯೋರು ಬೇಡ, ಹೋಗಿ ನೋಡ್ಕೊಂಡು ಬರೋನು ಬೇಕು," ಎಂದರು. "ಸುದ್ದಿ ನಿಜ ಆದ್ರೂ ಸುಳ್ಳಾದ್ರೂ ನಿನ್ ಕೂಲಿ ಒಂದೇ. ಇಲ್ದಿದ್ರೆ ನೀನೂ ಎಲ್ಲಾನೂ ನಿಜ ಮಾಡ್ಕೊಂಡೇ ಬರ್ತೀಯ."

ಹೀಗೆ ನಾನು ಸುದ್ದಿ ಸೋಸುವವನಾದೆ. ಸಂಬಳದ ನೌಕರಿಯಲ್ಲ. ಗಾಳಿಮಾತು ಹುಟ್ಟಿದಾಗ ಕರೆ ಬರುತ್ತಿತ್ತು, ಹೋಗಿಬರುತ್ತಿದ್ದೆ. ಗಿರಣಿಯ ಬಾವಿಗೆ ವಿಷ ಹಾಕಿದ್ದಾರೆಂದರು. ಸತ್ತ ಹೆಗ್ಗಣ ತೇಲುತ್ತಿತ್ತು. ಎರಡು ತಲೆಯ ಕರು ಎಂದರು, ಕರುವೇ ಇರಲಿಲ್ಲ. "ಇದು ನಿಜವಾ" ಎಂದು ನಾನು ಯಾರನ್ನೂ ಕೇಳುತ್ತಿರಲಿಲ್ಲ. "ನಿಮಗೆ ಹೇಳಿದವರು ಯಾರು" ಎಂದು ಕೇಳುತ್ತಿದ್ದೆ. ಅವರ ಬಳಿ ಹೋಗಿ ಮತ್ತೆ ಅದನ್ನೇ. ಆದರೆ ಈ ಕೆಲಸ ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಉಪ್ಪು ಮುಗಿದಿದೆ ಎಂದು ಅವ್ವ ಹೇಳಿದರೆ ಡಬ್ಬಿ ತೆಗೆದು ನೋಡತೊಡಗಿದ್ದೆ. ಬೀದಿಯವರಿಗೂ ನನ್ನ ಮೇಲೆ ಅನುಮಾನ. ಸೈಕಲ್ಲಿನಲ್ಲಿ ಊರೂರು ತಿರುಗಿ ಪ್ರಶ್ನೆ ಕೇಳುವವನು ಪೊಲೀಸರ ಆಳಲ್ಲದೆ ಇನ್ನೇನು? ನಾನು ಬಂದರೆ ಪಕ್ಕದ ಮನೆಯ ಜಗುಲಿಯಲ್ಲಿ ಮಾತು ನಿಂತುಹೋಗುತ್ತಿತ್ತು.

ಆ ವರ್ಷ ಆಡಿ ತಿಂಗಳ ಗಾಳಿ ಹುಚ್ಚೆದ್ದಿತ್ತು. ಆಡಿ ಎಂದರೆ ನಿಮ್ಮ ಆಷಾಢವೇ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಗಾಳಿಗೆ ಬೀದಿಯಲ್ಲಿ ಅಪ್ಪ ಗಂಜಿ ಹಚ್ಚಿ ಹಾಸಿದ ನೂಲಿನ ಹಾಸು ಒಣಗುವ ಮೊದಲೇ ಎಳೆ ಎಳೆಯಾಗಿ ಹರಿಯುತ್ತಿತ್ತು. ಮೈಯೆಲ್ಲ ಗಂಜಿ ಮತ್ತು ದೂಳು. ಅಂಥ ಒಂದು ಬೆಳಿಗ್ಗೆ ಸಂಪಾದಕರಿಂದ ಕರೆ ಬಂತು.

"ಕಾರಮಡೈ ದಾಟಿ ಒಂದು ಊರಲ್ಲಿ ಹುಡುಗಿ ಕಾಣೆ. ಕಂಬ ನಿಲ್ಲೋಕೆ ಬಲಿ ಕೊಟ್ರು, ಬುಡದಲ್ಲಿ ಹೂತ್ರು ಅಂತ ಜನ. ಹಿಡ್ಕೊಟ್ಟೋನು ಅಂತ ಒಬ್ಬನ್ನ ಕಟ್ಟಿ ಹಾಕಿದಾರೆ. ನೋಡ್ಕೊಂಡ್ ಬಾ."

ಊರು ಮುಟ್ಟುವಷ್ಟರಲ್ಲಿ ಕಣ್ಣಲ್ಲಿ, ಬಾಯಲ್ಲಿ ಕೆಂಪು ಮಣ್ಣು. ಬಾಳೆತೋಟಗಳ ಎಲೆಗಳು ಸೀಳಿ ಜೋತಾಡುತ್ತಿದ್ದವು. ಹೊಲದ ನಡುವೆ ಹೊಸ ಕಂಬ, ಅದರ ಬುಡದಲ್ಲಿ ಹಾರೆ ಹಿಡಿದ ಒಂದಷ್ಟು ಗಂಡಸರು. ಕಂಬದ ಕೆಲಸದವರು ಹೆದರಿ ಊರು ಬಿಟ್ಟಿದ್ದರು. ನಾನು ಎಂದಿನಂತೆ ಕೇಳುತ್ತಾ ಹೋದೆ. ಹೂತದ್ದನ್ನು ನೋಡಿದವರು ಯಾರು? ಅಗಸರ ಬೀದಿಯವರು. ಅಗಸರ ಬೀದಿಯವರು ಎಣ್ಣೆಗಾಣದವರ ಕಡೆ ಕೈ ತೋರಿಸಿದರು. ಗಾಣದವನು, "ನನಗೆ ಹೇಳಿದ್ದು ಹಾರೆ ಹಿಡ್ಕೊಂಡು ನಿಂತವ್ರಲ್ಲ, ಅವ್ರೇ" ಎಂದ. ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ, ಅನುಮಾನವಿಲ್ಲದವರೂ ಇರಲಿಲ್ಲ. ಈ ಕಂಬದಡಿ ಏನೂ ಸಿಗದಿದ್ದರೆ ಎಂದು ಕೇಳಿದೆ. ಮುಂದಿನ ಕಂಬ ಅಗೆಯುತ್ತೇವೆ ಎಂದರು. ಕಂಬಗಳು ಬೆಟ್ಟದವರೆಗೂ ಇದ್ದವು.

ಹಿಡಿದವನನ್ನು ಊರ ಮಣಿಯಗಾರರು ಚಾವಡಿಯಲ್ಲಿ ಇಟ್ಟಿದ್ದರು. ಊರಿನ ಯಜಮಾನಿಕೆ ಅವರದು, ಒಳ್ಳೆಯ ಮನುಷ್ಯರೇ. ಹೊರಗೆ ಬಿಟ್ಟರೆ ಕೊಂದುಬಿಡುತ್ತಾರೆಂದು ಒಳಗೆ ಇಟ್ಟಿದ್ದೇನೆ, ಸಬ್ ಇನ್‌ಸ್ಪೆಕ್ಟರಿಗೆ ಹೇಳಿಕಳಿಸಿದ್ದೇನೆ, ಅವರು ಇನ್ನೂ ಬಂದಿಲ್ಲ ಎಂದರು. ನಾನು ಒಳಗೆ ಇಣುಕಿದೆ. ಚಾವಡಿಯ ಮರದ ಕಂಬಕ್ಕೆ ಒರಗಿಸಿ ಕೈ ಕಟ್ಟಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನನ್ನ ಅಕ್ಕನ ಗಂಡ ದೇವಣ್ಣ.

ದೇವಣ್ಣ ಸೀರೆಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗುತ್ತಿದ್ದವನು. ವರ್ಷಕ್ಕೆ ಎರಡು ಸಲ ಈ ಊರಿಗೂ ಬರುತ್ತಿದ್ದ. ಕಾಣೆಯಾದ ಹುಡುಗಿಯ ಮನೆ ಕನ್ನಡದ ಗೌಡರದು; ಊರಿನ ಮಿಕ್ಕವರೆಲ್ಲ ತಮಿಳರು. ಹುಡುಗಿ ಕಾಣೆಯಾಗುವ ಹಿಂದಿನ ದಿನ ದೇವಣ್ಣ ಅವಳ ಜೊತೆ ಕನ್ನಡದಲ್ಲಿ ನಗಾಡುತ್ತಿದ್ದುದನ್ನು ಜನ ನೋಡಿದ್ದರು. ಅಷ್ಟು ಸಾಕಾಗಿತ್ತು. ಅವಳ ಮಾತು ಆಡಿ ಮರುಳು ಮಾಡಿದ, ಗಂಟಿನಲ್ಲಿ ಹೊತ್ತುಕೊಂಡು ಹೋದ ಎಂದರು.

ಅವನು ನನ್ನನ್ನು ನೋಡಿದ. ನಾನೂ ನೋಡಿದೆ. ಬಾಗಿಲಲ್ಲಿ ಹತ್ತು ಜನ ನಿಂತಿದ್ದರು. ನಾನು ತಮಿಳಿನಲ್ಲಿ, "ನಿನ್ನ ಹೆಸರೇನು?" ಎಂದೆ. ಅವನಿಗೆ ಅರ್ಥವಾಯಿತು. "ದೇವಣ್ಣ, ಅಯ್ಯಾ" ಎಂದ. ನೀರು ಕುಡಿಸಲು ಬಗ್ಗಿದಾಗ ಮಾತ್ರ ಲೋಟದೊಳಗೇ ಉಸುರಿದ: "ನಿಮ್ಮಕ್ಕಂಗೆ ಹೇಳ್ಬ್ಯಾಡ."

ಹುಡುಗಿಯ ಮನೆಗೆ ಹೋದೆ. ಹೆಸರು ರಂಗಿ, ವಯಸ್ಸು ಹನ್ನೊಂದು. ತಂದೆ ತೀರಿಕೊಂಡಿದ್ದ. ದೊಡ್ಡಪ್ಪ ನಂಜೇಗೌಡರು ಮನೆಯ ಯಜಮಾನರು, ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ. ಅವರಿಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿದ್ದಂತೆ ಕಂಡಿತು. ತಾಯಿ ಬೆಳ್ಳಮ್ಮ ಒಲೆಯ ಮುಂದೆ ಕೂತಿದ್ದಳು, ತಲೆ ಎತ್ತಲಿಲ್ಲ. ನಿಜವಾಗಿ ಗೋಳಾಡುತ್ತಿದ್ದವರು ಅಜ್ಜಿ.

"ಆಡಿ ಕಳ್ದು ಆವಣಿ ಹುಟ್ಟಿದ್ರೆ ಮದ್ವೆ ಇತ್ತಪ್ಪ ಕೂಸಿಗೆ," ಎಂದು ಅತ್ತರು. "ಪಾವಿಗಳು, ಮೈಮೇಲಿದ್ದದ್ದು ಸಾಲ್ದು ಅಂತ ಹೊಸ ಪಾವಾಡೆನೂ ತಕ್ಕೊಂಡು ಹೋದ್ರು. ಬಾಚಣಿಗೆನೂ ಬಿಡ್ಲಿಲ್ಲ."

ನಾನು ಬೆಳ್ಳಮ್ಮನ ಕಡೆ ನೋಡಿದೆ. ಅವಳ ಕೈಯಲ್ಲಿದ್ದ ಸೌದೆ ಒಲೆಗೆ ಹೋಗದೆ ಅಲ್ಲೇ ನಿಂತಿತ್ತು.

ಹೂಳುವ ಮಗುವಿಗೆ ಬಾಚಣಿಗೆ ಏಕೆ?

ವರ ಯಾರೆಂದು ಹೊರಗೆ ವಿಚಾರಿಸಿದೆ. ನಂಜೇಗೌಡರ ತಂಗಿಯ ಗಂಡ. ತಂಗಿ ತೀರಿಕೊಂಡಿದ್ದಳು, ಅವಳಿಗೆ ಕೊಟ್ಟ ಜಮೀನು ಮನೆತನದ ಹೊರಗೆ ಹೋಗಬಾರದಿತ್ತು. ಅವನಿಗೆ ನಲವತ್ತು ದಾಟಿತ್ತು. ಅಷ್ಟು ಚಿಕ್ಕ ಹುಡುಗಿಯರ ಮದುವೆ ಕೂಡದೆಂದು ಆಗ ಹೊಸದಾಗಿ ಕಾನೂನು ಬಂದಿತ್ತು. ಗಡಿಯಾಚೆ, ಆ ಕಾನೂನಿಲ್ಲದ ಮೈಸೂರು ಸಂಸ್ಥಾನದ ನೆಲದಲ್ಲಿ ಧಾರೆ ಎರೆಸಿಕೊಂಡು ಬಂದರೆ ಯಾರೂ ಕೇಳುವುದಿಲ್ಲವೆಂದು ಗೌಡರು ಎಲ್ಲ ಏರ್ಪಾಡು ಮಾಡಿದ್ದರು.

ಮಧ್ಯಾಹ್ನ ಬೆಳ್ಳಮ್ಮ ಬಾವಿಯ ಕಡೆ ಬಂದಾಗ ಅಡ್ಡ ನಿಂತು ಕನ್ನಡದಲ್ಲಿ ಮಾತಾಡಿಸಿದೆ.

"ಕೂಸು ಬದುಕಿದೆ ಅಲ್ವಾ ಅಕ್ಕಾ?"

ಅವಳು ಕೊಡ ಕೆಳಗಿಳಿಸಲಿಲ್ಲ. "ನೀ ಯಾರು? ಮದ್ವೆ ಕಡೆಯೋನಾ, ಕಂಬದೋರ ಆಳಾ?"

"ಪೇಪರಿನವನು. ಚಾವಡೀಲಿ ಕಟ್ಟಿಸ್ಕೊಂಡು ಕೂತಿರೋನು ನನ್ನ ಭಾವ."

"ನಮ್ ಮಾತು ಆಡಿದ್ರೆ ನಂಬ್ತೀನಿ ಅಂತಾನಾ? ನಂಜೇಗೌಡ್ರೂ ಇದೇ ಮಾತೇ ಆಡೋದು."

ಹೊರಟೇಬಿಟ್ಟಳು. ನಾಲ್ಕು ಹೆಜ್ಜೆ ಹೋಗಿ ನಿಂತು, ನನ್ನ ಕಡೆ ತಿರುಗದೆಯೇ ಹೇಳಿದಳು:

"ಕಂಬದ ಕತೆ ನಾ ಕಟ್ಟಿದ್ದಲ್ಲ. ಕೂಸೆಲ್ಲಿ ಅಂದ್ರು. ಗೊತ್ತಿಲ್ಲ ಅಂದೆ. ಮಿಕ್ಕಿದ್ದೆಲ್ಲ ಅವ್ರೇ ಹೇಳ್ಕೊಂಡ್ರು. ಆ ಸೀರೆಯೋರಿಗೆ ಹೀಗಾಗುತ್ತೆ ಅಂತ ನಂಗೇನ್ ಗೊತ್ತು? ಅವ್ರ ಕಣ್ಣು ನೋಡ್ದಾಗಿಂದ ಒಂದು ತುತ್ತು ಇಳೀತಿಲ್ಲ."

"ಹಾಗಾದ್ರೆ ಹೇಳಿಬಿಡಿ."

"ಹೇಳಿದ್ರೆ ನಾಳೆನೇ ಎಳ್ಕೊಂಡ್ ಬಂದು ತಾಳಿ ಕಟ್ತಾರೆ. ಅವ್ರಿಗೆ ಒಂದು ಕಣ್ಣು ಹೋಯ್ತು. ನನ್ ಕೂಸಿಗೆ ಪೂರಾ ಬದುಕೇ ಹೋಗುತ್ತೆ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ, ನೀವು ಹೇಳುವುದು ಬೇಡ, ನಾನು ಹೇಳುತ್ತೇನೆ, ಊರಿನ ಹೆಸರು ಮಾತ್ರ ಹೇಳುವುದಿಲ್ಲ ಎಂದೆ. ಆದರೆ ನಾನು ಕಣ್ಣಾರೆ ನೋಡದೆ ಯಾವ ಮಾತನ್ನೂ ಹೇಳುವವನಲ್ಲ ಎಂದೂ ಸೇರಿಸಿದೆ. ಅವಳು ಕೊಡ ಹೊತ್ತು ಹೊರಟುಹೋದಳು. ಮರುದಿನ ಬೆಳಿಗ್ಗೆ ಅದೇ ಬಾವಿಯ ಬಳಿ, ಹಗ್ಗ ಸೇದುತ್ತಾ, ನನ್ನ ಮುಖವನ್ನು ನೋಡದೆ ಅಂದಳು: "ಮಡತ್ತುಕುಳಂ. ಹೊಳೆ ದಾರೀಲಿ ಪೊರಿ ಹುರಿಯೋಳ ಮನೆ. ಚಿಕ್ಕಂದಿನಲ್ಲಿ ನನ್ ಜೊತೆ ಆಡ್ದೋಳು. ನೋಡಿದ್ರೆ ಸಾಕು. ಕರ್ಕೊಂಡ್ ಬರ್ಬ್ಯಾಡ."

ಬಸ್ಸಿನಲ್ಲಿ ಹಸಿರು ರುಮಾಲಿನವನೊಬ್ಬ ನನ್ನ ಹಿಂದೆಯೇ ಕೂತಿದ್ದ. ಆ ಊರಿನ ಚಾವಡಿಯ ಬಾಗಿಲಲ್ಲಿ ಅವನನ್ನು ನೋಡಿದ್ದ ನೆನಪು. ಪೊಳ್ಳಾಚಿಯಲ್ಲಿ ನಾನು ಇಳಿದೆ; ಅವನೂ ಇಳಿದ. ನಾನು ಟೀ ಕುಡಿದೆ, ಅವನೂ ಕುಡಿದ. ಒಂದು ಬಸ್ಸು ಬಿಟ್ಟು ಇನ್ನೊಂದು ಹತ್ತೋಣವೆಂದು ಮರದಡಿ ಕೂತೆ. ಅವನು ಹತ್ತಿರ ಬಂದು ತಮಿಳಿನಲ್ಲಿ, "ಅಯ್ಯಾ, ಬೆಳಿಗ್ಗೆಯಿಂದ ನನ್ನನ್ನೇ ನೋಡ್ತಾ ಇದ್ದೀರಿ. ನೀವು ಮಕ್ಕಳನ್ನ ಹಿಡಿಯೋ ಕಂಪನಿಯವರಾ?" ಎಂದ. ಕೈಯಲ್ಲಿ ಎತ್ತಿನ ಮೂಗುದಾರವಿತ್ತು, ದನದ ಸಂತೆಗೆ ಹೊರಟವನು. ನಾನಲ್ಲ ಎಂದೆ. ಅವನು ನಂಬಲಿಲ್ಲ. ನಾನೂ ಅವನನ್ನು ನಂಬಲಿಲ್ಲ. ಅವನು ಸಂತೆಯ ದಾರಿ ಹಿಡಿದು ಕಣ್ಮರೆಯಾದ ಮೇಲೂ ಬಹಳ ಹೊತ್ತು ಕಾದು, ಆಮೇಲೆ ಬಸ್ಸು ಹತ್ತಿದೆ.

ಅಮರಾವತಿ ಹೊಳೆಯ ದಾರಿಯಲ್ಲಿ ಆ ಮನೆ ಹುಡುಕುವುದು ಕಷ್ಟವಾಗಲಿಲ್ಲ, ವಾಸನೆಯೇ ಕರೆದೊಯ್ಯಿತು. ಹಟ್ಟಿಯೊಳಗೆ ಹೊಗೆ, ದೊಡ್ಡ ಬಾಣಲೆ, ಕಾದ ಮರಳು. ಜರಡಿ ಹಿಡಿದು ಒಂದು ಹುಡುಗಿ ಮರಳಿನಿಂದ ಪೊರಿ ಬೇರೆ ಮಾಡುತ್ತಿದ್ದಳು. ಮುಖದ ತುಂಬ ಮಸಿ, ಹುಬ್ಬಿನ ತುದಿ ಸುಟ್ಟಿತ್ತು. ಪೊರಿ ಹುರಿಯುವಾಕೆ ನನ್ನನ್ನು ಕಂಡವಳೇ ಉರಿವ ಕೊಳ್ಳಿ ಎತ್ತಿಕೊಂಡು ಎದ್ದು ನಿಂತಳು. ಬೆಳ್ಳಮ್ಮ ಹೇಳಿಕಳಿಸಿದಳೆಂದು ಎಷ್ಟು ಹೇಳಿದರೂ ಕೊಳ್ಳಿ ಕೆಳಗಿಳಿಯಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಮಾತಾಡಿಸಬೇಕಾಯಿತು.

"ನಿನ್ನ ಹೆಸರು ರಂಗಿಯಾ?"

"ಆಮಾ." ಹೌದೆಂದದ್ದು ತಮಿಳಿನಲ್ಲಿ.

"ಚೆನ್ನಾಗಿದೀಯಾ?"

ಜರಡಿ ಆಡುತ್ತಲೇ ಇತ್ತು. ನಾನು ಹೊರಡಲು ತಿರುಗಿದ ಮೇಲೆ ಹಿಂದಿನಿಂದ ಕೂಗಿದಳು: "ಅಜ್ಜಿಗೆ ಹೇಳು, ಕಿವಿ ಹರಿದ ಕರು ಸಂತೆಗೆ ಹೊಡೀಬಾರ್ದು. ಮಾತು ಕೊಟ್ಟವ್ಳೆ."

ನಾನು ಮರಳಿ ರಂಗಿಯ ಊರು ಮುಟ್ಟಿದ ದಿನ ಆಡಿಯ ಕಡೆಯ ಶುಕ್ರವಾರ. ಕಂಬದ ಬುಡವನ್ನು ಅಂದೇ ಅಗೆಯುವುದೆಂದು ಊರು ತೀರ್ಮಾನಿಸಿತ್ತು. ದೇವಣ್ಣನನ್ನು ಚಾವಡಿಯಿಂದ ಎಳೆತಂದು ಕಂಬದ ಬಳಿ ನಿಲ್ಲಿಸಿದ್ದರು. ಗಾಳಿಗೆ ಅವನ ಪಂಚೆ ಪಟಪಟ ಬಡಿಯುತ್ತಿತ್ತು. ಮಣಿಯಗಾರರು ತಡೆಯುತ್ತಿದ್ದರು, ಕೇಳುವವರಿರಲಿಲ್ಲ. ನಾನು ಅವರ ಪಕ್ಕದಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. ಮಗು ಬದುಕಿದೆ, ನಾನು ಕಣ್ಣಾರೆ ನೋಡಿ ಬಂದಿದ್ದೇನೆ.

"ಎಲ್ಲಿ?" ಎಂದರು ನಂಜೇಗೌಡರು.

"ಊರಿನ ಹೆಸರು ಹೇಳೋದಿಲ್ಲ."

"ಹೇಳದ ಊರಲ್ಲಿ ನೋಡಿದೆಯಾ?" ಎಂದು ಜನ ನಕ್ಕರು. ಅಷ್ಟರಲ್ಲಿ ಯಾರೋ ಹಿಂದಿನಿಂದ ಕಿರುಚಿದರು: "ಇವನನ್ನು ನನಗೆ ಗೊತ್ತು! ಆ ಸೀರೆಯವನ ಭಾಮೈದ!" ನಗು ನಿಂತುಹೋಯಿತು. ಹಾರೆ ಹಿಡಿದವರು ಕಂಬ ಬಿಟ್ಟು ನನ್ನ ಕಡೆ ಬಂದರು. ಯಾರದೋ ಕೈ ನನ್ನ ಕುತ್ತಿಗೆಯ ಮೇಲಿತ್ತು. ಅಲ್ಲಿಯವರೆಗೆ ನನ್ನ ಮಾತಿಗೆ ಇದ್ದ ಚೂರುಪಾರು ಬೆಲೆಯೂ ಹೋಯಿತು. ನಾನೇ ಆ ಗುಂಪಿನಲ್ಲಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಆಗ ಹೆಂಗಸರ ನಡುವಿನಿಂದ ಬೆಳ್ಳಮ್ಮ ಹೊರಗೆ ಬಂದಳು. ಅವಳು ಬರಬೇಕಾಗಿರಲಿಲ್ಲ, ಬರುವುದಾಗಿ ಹೇಳಿಯೂ ಇರಲಿಲ್ಲ.

"ನಾನೇ ಕಳ್ಸಿದ್ದು," ಎಂದಳು ಮೊದಲು ಕನ್ನಡದಲ್ಲಿ, ಆಮೇಲೆ ಇಡೀ ಊರಿಗೆ ಕೇಳುವಂತೆ ತಮಿಳಿನಲ್ಲಿ. "ಸೀರೆಯವರು ಮುಟ್ಟಿಲ್ಲ. ಕಂಬದವರು ಮುಟ್ಟಿಲ್ಲ. ಮುದುಕನಿಗೆ ಕೊಡ್ತಾರೆ ಅಂತ ನಾನೇ ಕಳ್ಸಿದೆ. ಎಲ್ಲಿ ಅಂತ ಕೇಳ್ಬೇಡಿ. ಕೊಂದ್ರೂ ಹೇಳಲ್ಲ."

ನಂಜೇಗೌಡರು ಅವಳ ಜುಟ್ಟು ಹಿಡಿದರು. "ಸುಳ್ಳು! ಇವನೂ ಇವಳೂ ಸೇರಿ ಕೂಸನ್ನ ಮಾರಿದಾರೆ!" ಊರು ಅದನ್ನೂ ನಂಬಲು ಸಿದ್ಧವಾಗುತ್ತಿತ್ತು, ಮುಖಗಳಲ್ಲಿ ಅದು ಕಾಣುತ್ತಿತ್ತು. ಅಜ್ಜಿ ಕೋಲೂರಿಕೊಂಡು ಜನರನ್ನು ತಳ್ಳುತ್ತಾ ನನ್ನ ಮುಂದೆ ಬಂದು ನಿಂತರು.

"ನೋಡ್ದೆ ಅಂತೀಯಲ್ಲ. ಏನಂತು ಕೂಸು?"

ಕಿವಿ ಹರಿದ ಕರುವಿನ ಮಾತು ಹೇಳಿದೆ.

ಅಜ್ಜಿ ಮಗನ ಕಡೆ ತಿರುಗಿ, "ಬಿಡು ಅವಳ ಜುಟ್ಟು," ಎಂದರು. "ಈ ಮಾತು ನಂಗೂ ನನ್ ಮೊಮ್ಮಗಳಿಗೂ ಬಿಟ್ಟು ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ. ಕೂಸು ಅದೆ. ಎಲ್ಲಾದ್ರೂ ಇರ್ಲಿ. ಇನ್ನು ಆ ಮದ್ವೆ ಸುದ್ದಿ ಎತ್ತಿದ್ರೆ ನನ್ ಹೆಣ ದಾಟ್ಕೊಂಡ್ ಹೋಗು."

ಮಣಿಯಗಾರರು ಅದೇ ಗಳಿಗೆಯಲ್ಲಿ ದೇವಣ್ಣನ ಕಟ್ಟು ಬಿಚ್ಚಿಸಿದರು. ಅವನ ಸೀರೆಗಳು ಚಾವಡಿಯ ಮೂಲೆಯಲ್ಲಿ ಹರಿದು ಬಿದ್ದಿದ್ದವು. ಅವನು ಒಂದನ್ನೂ ಎತ್ತಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ಅವನು ಆಡಿದ್ದು ಒಂದೇ ಮಾತು: "ಮೊದಲ ಏಟು ಕೊಟ್ಟೋನ ಹೆಂಡ್ತಿಗೆ ಪೊಂಗಲ್‌ಗೆ ನಾನೇ ಸೀರೆ ಆರಿಸ್ಕೊಟ್ಟಿದ್ದೆ." ಆ ಕಣ್ಣಿಗೆ ಮತ್ತೆ ದೃಷ್ಟಿ ಬರಲಿಲ್ಲ. ಗಂಟು ಹೊರುವುದನ್ನು ಬಿಟ್ಟು ಅವನು ಮನೆಯಲ್ಲೇ ಮಗ್ಗಕ್ಕೆ ಕೂತ.

ಸಂಪಾದಕರು ನಾನು ಹೇಳಿದ್ದನ್ನೆಲ್ಲ ಕೇಳಿ, "ಮಗು ಯಾವ ಊರಲ್ಲಿದೆ?" ಎಂದರು. ಹೇಳುವುದಿಲ್ಲ ಎಂದೆ. "ಊರಿಲ್ಲ, ಹೆಸರಿಲ್ಲ, ನೋಡಿದವನು ಆರೋಪಿಯ ಭಾಮೈದ. ಬೇರೆ ಯಾರಾದ್ರೂ ಇದನ್ನ ತಂದಿದ್ರೆ ನೀನು ಏನಂತಿದ್ದೆ?" ಗಾಳಿಮಾತು ಎನ್ನುತ್ತಿದ್ದೆ. ಅವರು ಅಚ್ಚು ಹಾಕಲಿಲ್ಲ. ಅಲ್ಲಿಂದ ಮುಂದೆ ನನಗೆ ಕರೆಯೂ ಬರಲಿಲ್ಲ. ಕಂಬದವರು ನನ್ನನ್ನು ಕೊಂಡುಕೊಂಡರೆಂದು ಸಂಪಾದಕರು ಯಾರ ಬಳಿಯೋ ಹೇಳಿದರಂತೆ. ಹೇಳಿದ್ದು ನಿಜವೋ ಸುಳ್ಳೋ, ನಾನು ಹೋಗಿ ಕೇಳಲಿಲ್ಲ. ಕಾರಮಡೈ ಕಡೆ ಹುಟ್ಟಿದ ಕತೆಯಂತೂ ನನ್ನ ಕಿವಿಗೇ ಬಿತ್ತು: ಪೇಪರಿನವನೊಬ್ಬ ಬಂದು ಗೌಡರ ಮಗುವನ್ನು ಕಂಬದಿಂದ ಬಿಡಿಸಿದ, ಬದಲಿಗೆ ಬೇರೆ ಊರಿನ ಮಗುವನ್ನು ಕೊಟ್ಟ.

ನಾನು ಸಿಂಗಾನಲ್ಲೂರಿನ ಒಂದು ಗಿರಣಿಯಲ್ಲಿ ಕೆಲಸಕ್ಕೆ ಸೇರಿದೆ. ಗಾಳಿ ನಿಂತು, ಮಳೆ ಬಂದು ಹೋಗಿ, ಮಾರ್ಗಳಿ ತಿಂಗಳ ಚಳಿ ಹಿಡಿಯಿತು. ಒಂದು ಬೆಳಿಗ್ಗೆ ಪಾಳಿ ಮುಗಿಸಿ ಹೊರಗೆ ಬಂದರೆ ಗೇಟಿನ ಎದುರು ಬೇವಿನ ಮರದಡಿ ಬೆಳ್ಳಮ್ಮ ನಿಂತಿದ್ದಳು. ಸಣ್ಣಗಾಗಿದ್ದಳು. ಕಣ್ಣಿಗೆ ಔಷಧಿ ಎಂದು ಹೇಳಿ ಕೊಯಮತ್ತೂರಿಗೆ ಬಂದಿದ್ದಳಂತೆ. ಆವತ್ತಿನಿಂದ ಮನೆಯವರು ಅವಳನ್ನು ಒಂಟಿಯಾಗಿ ಎಲ್ಲಿಗೂ ಬಿಟ್ಟಿರಲಿಲ್ಲ, ಇದೇ ಮೊದಲು. ಮಡತ್ತುಕುಳಂ ಕಡೆ ಒಂದು ಹೆಜ್ಜೆ ಇಟ್ಟರೂ ಹಿಂದೆ ಯಾರಾದರೂ ಬರುತ್ತಾರೆಂಬ ಭಯಕ್ಕೆ ಅವಳು ಮಗಳನ್ನು ನೋಡಿಯೇ ಇರಲಿಲ್ಲ.

"ನಿಜವಾಗ್ಲೂ ಹೋಗಿದ್ಯಾ ನೀನು?" ಎಂದಳು.

ನನಗೆ ಅರ್ಥವಾಗಲಿಲ್ಲ. "ಅಜ್ಜಿ ಅಷ್ಟು ಜನರ ಮುಂದೆ ಹೇಳಿದ್ರಲ್ಲ?"

"ಅತ್ತೆ ನನ್ನ ಉಳಿಸೋಕೆ ಹೇಳಿರ್ಬೋದು. ಕರು ವಿಷ್ಯ ಅರ್ಧ ಊರಿಗೇ ಗೊತ್ತಿತ್ತು. ನಿಂಗೂ ಯಾರಾದ್ರೂ ಹೇಳಿರ್ಬೋದು. ನಿಂಗೆ ಭಾವನ್ನ ಬಿಡಿಸ್ಬೇಕಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ದಿನಾ ಮಲಗ್ದಾಗ ಇದೇ. ಇವ ಹೋಗಿದ್ನೋ ಇಲ್ವೋ."

ನಾನು ಮಸಿಯ ಮುಖ, ಸುಟ್ಟ ಹುಬ್ಬು, ಜರಡಿ, ಕೊಳ್ಳಿ ಎಲ್ಲವನ್ನೂ ಹೇಳಿದೆ. ಅವಳು ತಲೆಯಾಡಿಸಲಿಲ್ಲ. ಪೊರಿ ಹುರಿಯುವ ಮನೆಯಲ್ಲಿ ಯಾರ ಮುಖಕ್ಕಾದರೂ ಮಸಿಯಾಗುತ್ತದೆ.

"ಕೂಸು ನನ್ನ ಕೇಳ್ತಾ?" ಎಂದಳು.

ಗಿರಣಿಯ ಜನ ನಮ್ಮನ್ನು ದಾಟಿ ಹೋಗುತ್ತಿದ್ದರು. ಅಷ್ಟು ದೂರದಿಂದ ಅದನ್ನೊಂದು ಕೇಳಲೆಂದೇ ಬಂದವಳು. ಕೇಳಿತು ಅಕ್ಕಾ, ಅಮ್ಮ ಯಾವಾಗ ಬರ್ತಾಳೆ ಅಂತು ಎನ್ನುವುದು ಎಷ್ಟು ಸುಲಭವಿತ್ತು. ಮಾತು ನಾಲಿಗೆಯ ತುದಿಗೇ ಬಂದಿತ್ತು.

"ಇಲ್ಲಕ್ಕಾ," ಎಂದೆ. "ನಿಮ್ಮ ಮಾತೇ ಎತ್ತಲಿಲ್ಲ."

ಬೆಳ್ಳಮ್ಮ ಮರಕ್ಕೆ ಒರಗಿ, ಮೆಲ್ಲಗೆ ಕುಸಿದು ಕೂತಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಬಗ್ಗಿದೆ. ಅವಳ ಕಣ್ಣು ಹೊಳೆಯುತ್ತಿತ್ತು.

"ಹಾಗಾದ್ರೆ ನೋಡಿದೀಯ," ಎಂದಳು. "ನಾ ಕಳ್ಸಿದ್ ದಿನ ಗಾಡಿ ಹತ್ತೋವಾಗ್ಲೂ ನನ್ ಮುಖ ನೋಡ್ಲಿಲ್ಲ ಅದು. ಅಷ್ಟು ಕೋಪ. ಸುಳ್ಳು ಹೇಳೋನಾಗಿದ್ರೆ, ಅಮ್ಮಾ ಅಂತ ಅತ್ತಳು ಅಂತಿದ್ದೆ."